‘ದಿ ಮಿಸ್ಸಿಂಗ್ ಸೆಮಿಸ್ಟರ್’: ಹೊಸ ಎಂಜಿನಿಯರುಗಳಿಗೆ ನಾನು ಮೊದಲು ಕೊಡುವ ಪುಕ್ಕಟೆ ಕೋರ್ಸ್

ಕೆಲಸಕ್ಕೆ ಬರುವ ಹೊಸ ಎಂಜಿನಿಯರುಗಳ ಸಂದರ್ಶನದಲ್ಲಿ ನಾನು ತಪ್ಪದೆ ಕೇಳುವ ಒಂದು ಪ್ರಶ್ನೆ ಇದೆ. ಲ್ಯಾಪ್‌ಟಾಪ್ ಮುಂದಿಟ್ಟು ಒಂದು ಸರ್ವರ್ ಲಾಗ್ ಫೈಲ್, ಅಂದರೆ ಸರ್ವರಿನಲ್ಲಿ ನಡೆದದ್ದನ್ನೆಲ್ಲ ಸಾಲು ಸಾಲಾಗಿ ಬರೆದಿಟ್ಟ ಫೈಲ್, ತೋರಿಸುತ್ತೇನೆ. ಲಕ್ಷಗಟ್ಟಲೆ ಸಾಲು. ‘ಇದರಲ್ಲಿ ಯಾವ ಎರರ್ ಎಲ್ಲಕ್ಕಿಂತ ಜಾಸ್ತಿ ಸಲ ಬಂದಿದೆ? ಹೇಗೆ ಬೇಕಾದರೂ ಹುಡುಕಿ’ ಎನ್ನುತ್ತೇನೆ. ಇಂಟರ್ನೆಟ್ ನೋಡಬಹುದು, ನನ್ನನ್ನೇ ಕೇಳಬಹುದು. ಹೆಚ್ಚಿನವರು ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡುತ್ತಾರೆ. ಎಡಿಟರ್ ಅದನ್ನು ತೆರೆಯಲು ಹೋಗಿ ಗಕ್ಕನೆ ನಿಂತುಬಿಡುತ್ತದೆ. ಆಮೇಲೆ ಕಂಟ್ರೋಲ್-ಎಫ್. ಆಮೇಲೆ ಸುಮ್ನೆ ಸ್ಕ್ರೋಲ್ ಮಾಡುತ್ತಾ ಕೂರುವುದು. ಇದೇ ಹುಡುಗ ಸ್ವಲ್ಪ ಹೊತ್ತಿನ ಹಿಂದೆ ರೆಡ್-ಬ್ಲ್ಯಾಕ್ ಟ್ರೀ ಎಂಬ ಡೇಟಾ ಜೋಡಣೆ ಹೇಗೆ ಕೆಲಸ ಮಾಡುತ್ತದೆ ಎಂದು ಬೋರ್ಡ್ ಮೇಲೆ ಚೆಂದವಾಗಿ ಬರೆದು ತೋರಿಸಿರುತ್ತಾನೆ.

ಓದಿಗೂ ಕೆಲಸಕ್ಕೂ ತಾಳೆಯಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಈ ಅಂತರ ತುಂಬುತ್ತೇವೆ ಅನ್ನುವ ಬೂಟ್‌ಕ್ಯಾಂಪ್‌ಗಳಿಗೂ ಬರವಿಲ್ಲ. ನಮ್ಮ ತಂಡಕ್ಕೆ ಸೇರಿದವರಿಗೆ ನಾನು ಮೊದಲು ಕೊಡುವುದು ಮಾತ್ರ ಒಂದು ಪುಕ್ಕಟೆ ಕೋರ್ಸ್. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ‘ದಿ ಮಿಸ್ಸಿಂಗ್ ಸೆಮಿಸ್ಟರ್ ಆಫ್ ಯುವರ್ ಸಿಎಸ್ ಎಜುಕೇಶನ್’, ಅಂದರೆ ನಿಮ್ಮ ಕಂಪ್ಯೂಟರ್ ಸೈನ್ಸ್ ಓದಿನಲ್ಲಿ ಬಿಟ್ಟುಹೋದ ಸೆಮಿಸ್ಟರ್. ನಾನು ಇಲ್ಲಿ ಹೇಳುತ್ತಿರುವುದು 2020ರ ಜನವರಿಯಲ್ಲಿ ರೆಕಾರ್ಡ್ ಆದ ಪಾಠಗಳ ಬಗ್ಗೆ. ಒಂದೊಂದು ಸುಮಾರು ಒಂದು ಗಂಟೆಯದು, ಒಟ್ಟು 11. ವಿಡಿಯೋ ಯೂಟ್ಯೂಬ್‌ನಲ್ಲಿದೆ, ಬರಹದ ನೋಟ್ಸ್ ಮತ್ತು ಅಭ್ಯಾಸಗಳು ಕೋರ್ಸಿನ ವೆಬ್‌ಸೈಟಿನಲ್ಲಿವೆ. ಲಾಗಿನ್ ಬೇಡ, ಹಣ ಬೇಡ. ಅಂಕ ಇಲ್ಲ, ಸರ್ಟಿಫಿಕೇಟೂ ಇಲ್ಲ.

ಇದನ್ನು ಪಾಠ ಮಾಡಿದವರು ಪ್ರೊಫೆಸರುಗಳಲ್ಲ. ಅನೀಶ್, ಜಾನ್, ಹೋಸೆ ಎಂಬ ಮೂವರು, ಆಗ ಅಲ್ಲೇ ಸಂಶೋಧನೆ ಮಾಡುತ್ತಿದ್ದ ವಿದ್ಯಾರ್ಥಿಗಳು. ಎಂಐಟಿಯಲ್ಲಿ ಎರಡು ಸೆಮಿಸ್ಟರುಗಳ ನಡುವೆ ಜನವರಿಯಲ್ಲಿ ಒಂದು ಬಿಡುವು ಇರುತ್ತದೆ. ಆಗ ಯಾರು ಬೇಕಾದರೂ ತಮಗಿಷ್ಟವಾದದ್ದನ್ನು ಕಲಿಸಬಹುದು. ಈ ಕೋರ್ಸ್ ಹುಟ್ಟಿದ್ದು ಆ ಸಂದಿಯಲ್ಲಿ. ಅಂದರೆ ಅಷ್ಟು ದೊಡ್ಡ ಸಂಸ್ಥೆಯ ಸಿಲಬಸ್‌ನಲ್ಲೂ ಇದಕ್ಕೆ ಜಾಗ ಇರಲಿಲ್ಲ. ನಮ್ಮ ಕಾಲೇಜು ಚಿಕ್ಕದು, ಅದಕ್ಕೇ ಹೀಗಾಯ್ತು ಎಂದು ಕೊರಗುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಒಳಗೆ ಏನಿದೆ? ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಬಳಕೆ, ಶೆಲ್ (ಆ ಕಮಾಂಡುಗಳನ್ನು ನಡೆಸುವ ಪ್ರೋಗ್ರಾಂ) ಸ್ಕ್ರಿಪ್ಟ್, ವಿಮ್ ಎಡಿಟರ್, ಕಚ್ಚಾ ಡೇಟಾವನ್ನು ಸೋಸುವುದು, ರಿಮೋಟ್ ಮಷಿನ್ ಮೇಲೆ ಕೆಲಸ ಮಾಡುವುದು, ಗಿಟ್ (ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಸಾಧನ), ಡೀಬಗ್ಗಿಂಗ್ (ತಪ್ಪು ಹುಡುಕುವುದು) ಮತ್ತು ಪ್ರೊಫೈಲಿಂಗ್ (ಪ್ರೋಗ್ರಾಂ ಹೊತ್ತು ಎಲ್ಲಿ ಕಳೆಯುತ್ತದೆ ಎಂದು ಅಳೆಯುವುದು), ಬಿಲ್ಡ್ ಮತ್ತು ಡಿಪೆಂಡೆನ್ಸಿ (ಕೋಡ್ ಕಟ್ಟುವುದು, ಅದು ನೆಚ್ಚಿಕೊಂಡ ಬೇರೆ ಕೋಡ್), ಭದ್ರತೆ. ಕೊನೆಗೆ ಚಿಲ್ಲರೆ ವಿಷಯಗಳ ಒಂದು ಪಾಠ, ಪ್ರಶ್ನೋತ್ತರದ ಒಂದು ಪಾಠ.

ಈ ಪಟ್ಟಿ ನೋಡಿದಾಗ ನನಗೆ ಹೊಳೆದದ್ದು ಒಂದು. ಕಾಲೇಜುಗಳು ಹೊಸ ತಂತ್ರಜ್ಞಾನಕ್ಕೆ ಹೊಂದಿಕೊಳ್ಳುತ್ತಿಲ್ಲ ಎಂಬುದು ಮಾಮೂಲಿ ದೂರು. ಆದರೆ ಇಲ್ಲಿರುವುದರಲ್ಲಿ ಹೊಸದು ಯಾವುದು? ಸಾಲು ಹುಡುಕುವ ಗ್ರೆಪ್ ಬಂದದ್ದು 1973ರಲ್ಲಿ. ಪ್ರೋಗ್ರಾಂ ಬಿಲ್ಡ್ ಮಾಡುವ ಮೇಕ್ 1976ರದ್ದು. ಸಾಲಿನೊಳಗಿನ ಡೇಟಾ ಆರಿಸುವ ಆಕ್ 1977ರದ್ದು. ವಿಮ್ 1991ರದ್ದು, ಅದರ ಅಪ್ಪ ವಿಐ ಇನ್ನೂ ಹಳೆಯದು. ಇವುಗಳಲ್ಲಿ ಎಲ್ಲಕ್ಕಿಂತ ಎಳೆಯದಾದ ಗಿಟ್ಟನ್ನು ಲಿನಕ್ಸ್ ಹುಟ್ಟಿಸಿದ ಲೈನಸ್ ಟೋರ್ವಾಲ್ಡ್ಸ್ ಬರೆದದ್ದೇ 2005ರಲ್ಲಿ. ಕಂಪನಿಯಲ್ಲಿ ದಿನ ಬೆಳಗಾದರೆ ಬೇಕಾಗುವ ಈ ಕೌಶಲಗಳಲ್ಲಿ ಕೆಲವು ಕಲಿಸುವವರಿಗಿಂತಲೂ ಹಳೆಯವು. ಹಾಗಾಗಿ ಇದು ಸಿಲಬಸ್ ಹಳತಾದ ಸಮಸ್ಯೆ ಅಲ್ಲವೇ ಅಲ್ಲ. ಇವೆಲ್ಲ ‘ಅವರೇ ಕಲಿತುಕೊಳ್ಳುತ್ತಾರೆ ಬಿಡಿ’ ಎಂಬ ಖಾತೆಗೆ ಸೇರಿಹೋದವು. ಪಾಠ ಮಾಡುವವರು ಇದು ತೀರಾ ಸಣ್ಣದು ಎಂದು ಬಿಟ್ಟರು. ಕೆಲಸ ಕೊಡುವವರು ಇದು ಗೊತ್ತೇ ಇರುತ್ತದೆ ಎಂದುಕೊಂಡರು.

ಕಂಪನಿಗಳನ್ನೂ ಸುಮ್ಮನೆ ಬಿಡುವ ಹಾಗಿಲ್ಲ. ನಮ್ಮ ಕಡೆಯವರೇ ಹಾಕುವ ಕೆಲಸದ ಜಾಹೀರಾತು ನೋಡಿ. ಸಾಲು ಸಾಲು ಫ್ರೇಮ್‌ವರ್ಕ್ (ಪ್ರೋಗ್ರಾಂ ಕಟ್ಟುವ ಸಿದ್ಧ ಚೌಕಟ್ಟು) ಹೆಸರು. ಅದರಲ್ಲಿ ಅರ್ಧ ಆ ತಂಡ ಬಳಸುವುದೇ ಇಲ್ಲ. ಅದನ್ನು ನಂಬಿ ಕಾಲೇಜು ಒಂದು ಹೊಸ ಐಚ್ಛಿಕ ವಿಷಯ ಶುರು ಮಾಡುತ್ತದೆ. ಅದರ ಪಠ್ಯ ಅಚ್ಚಾಗಿ ಕ್ಲಾಸಿಗೆ ಬರುವ ಹೊತ್ತಿಗೆ ಫ್ರೇಮ್‌ವರ್ಕ್‌ನ ಎರಡು ಹೊಸ ಆವೃತ್ತಿ ಬಂದಿರುತ್ತವೆ. ಲಾಗ್ ಫೈಲ್ ಓದಲು ಬರಬೇಕು ಎಂದು ಬರೆದ ಜಾಹೀರಾತನ್ನು ನಾನಂತೂ ಕಂಡಿಲ್ಲ.

ಈಗ ಕೋರ್ಸಿನ ಒಳಗೆ ಹೋಗೋಣ.

ಮೊದಲ ಪಾಠದ ಅಭ್ಯಾಸವೇ ನನಗೆ ತುಂಬಾ ಇಷ್ಟ. ಒಂದು ಫೋಲ್ಡರ್ ಮಾಡಿ, ಅದರಲ್ಲಿ ‘ಸೆಮಿಸ್ಟರ್’ ಎಂಬ ಫೈಲ್ ಮಾಡಿ, ಅದರೊಳಗೆ ಎರಡು ಸಾಲು ಬರೆಯಬೇಕು. ಬರೆಯುವಾಗಲೇ ಸಣ್ಣದೊಂದು ಗುಂಡಿ ಇದೆ. ಮೊದಲ ಸಾಲಿನಲ್ಲಿರುವ ಹ್ಯಾಶ್ (#) ಮತ್ತು ಆಶ್ಚರ್ಯಸೂಚಕ ಚಿಹ್ನೆಗಳಿಗೆ ಶೆಲ್‌ನಲ್ಲಿ ಬೇರೆಯೇ ಅರ್ಥ. ಯಾವ ಬಗೆಯ ಉದ್ಧರಣ ಚಿಹ್ನೆಯೊಳಗೆ ಇಡಬೇಕು ಎಂದು ಹುಡುಕಿಕೊಳ್ಳಬೇಕು. ಅದು ದಾಟಿದ ಮೇಲೆ ಫೈಲನ್ನು ರನ್ ಮಾಡಲು ಹೋದರೆ ಆಗುವುದಿಲ್ಲ. ‘ಪರ್ಮಿಶನ್ ಡಿನೈಡ್’. ಅದೇ ಫೈಲನ್ನು ಎಸ್‌ಎಚ್ ಕಮಾಂಡಿಗೆ, ಅಂದರೆ ಶೆಲ್ಲಿಗೇ, ಕೊಟ್ಟರೆ ಓಡುತ್ತದೆ. ಯಾಕೆ? ಉತ್ತರವನ್ನು ಪಾಠದಲ್ಲಿ ಬಾಯಿಗೆ ಇಡುವುದಿಲ್ಲ. ಪರ್ಮಿಶನ್ ಪಟ್ಟಿ ನೋಡಿ, ಮ್ಯಾನ್ಯುಅಲ್ ಓದಿ, ಅನುಮತಿ ಬದಲಿಸುವ ಸಿಎಚ್‌ಮಾಡ್ ಕಮಾಂಡ್ ಹಾಕಿ ನೀವೇ ಸರಿಮಾಡಿಕೊಳ್ಳಬೇಕು.

ಇಷ್ಟರಲ್ಲಿ ಏನು ಮಹಾ ಅನ್ನಿಸಬಹುದು. ಆದರೆ ಕಾಲೇಜಿನ ಲ್ಯಾಬ್‌ನಲ್ಲಿ ಪ್ರೋಗ್ರಾಂ ಓಡದಿದ್ದರೆ ಅದು ವಿದ್ಯಾರ್ಥಿಯ ತಪ್ಪು, ಅಂಕ ಹೋಗುತ್ತದೆ. ಇಲ್ಲಿ ಓಡದಿರುವುದೇ ಪಾಠ. ಕೆಲಸದಲ್ಲಿ ನಮ್ಮ ಹೊತ್ತೆಲ್ಲ ಕಳೆಯುವುದು ಓಡದಿರುವ ವಸ್ತುಗಳ ಮುಂದೆ ತಾನೇ? ಎರರ್ ಸಂದೇಶವನ್ನು ಪೂರ್ತಿ ಓದುವವರು ಹೊಸಬರಲ್ಲಿ ಎಷ್ಟು ಕಡಿಮೆ ಅಂದರೆ, ಓದುವವರು ಸಿಕ್ಕರೆ ಅರ್ಧ ಸಂದರ್ಶನ ಅಲ್ಲೇ ಮುಗಿದ ಹಾಗೆ.

ಡೇಟಾ ಸೋಸುವ ನಾಲ್ಕನೇ ಪಾಠ ನನ್ನ ಮಟ್ಟಿಗೆ ಇಡೀ ಕೋರ್ಸಿನ ಜೀವ. ಜಾನ್ ತನ್ನದೇ ಒಂದು ಸರ್ವರಿಗೆ ಲಾಗಿನ್ ಆಗಿ, ಯಾರ್ಯಾರು ಒಳಗೆ ನುಗ್ಗಲು ನೋಡಿದ್ದಾರೆ ಎಂದು ಲಾಗ್ ತೆಗೆಯುತ್ತಾನೆ. ಸಾವಿರಾರು ಸಾಲು. ಗ್ರೆಪ್ ಹಾಕಿ ಬೇಕಾದ ಸಾಲು ಮಾತ್ರ ಉಳಿಸುತ್ತಾನೆ. ಸೆಡ್ ಹಾಕಿ ಸಾಲಿನ ಹಿಂದುಮುಂದು ಕತ್ತರಿಸಿ ಯೂಸರ್‌ನೇಮ್ ಮಾತ್ರ ಇಟ್ಟುಕೊಳ್ಳುತ್ತಾನೆ. ಸಾರ್ಟ್ ಹಾಕಿ ಜೋಡಿಸಿ, ಯುನಿಕ್ ಹಾಕಿ ಎಣಿಸಿ, ಮತ್ತೆ ಸಾರ್ಟ್ ಹಾಕಿದರೆ ಅತಿ ಹೆಚ್ಚು ಸಲ ಬಂದ ಹೆಸರುಗಳು ಕೆಳಗೆ ನಿಲ್ಲುತ್ತವೆ. ಒಂದರ ಔಟ್‌ಪುಟ್ ಇನ್ನೊಂದರ ಇನ್‌ಪುಟ್. ಒಂದೇ ಸಾಲಿನ ಕಮಾಂಡ್. ನನ್ನ ಸಂದರ್ಶನದ ಪ್ರಶ್ನೆಗೂ ಉತ್ತರ ಇದೇ, ಅಲ್ವಾ?

ಅಲ್ಲಿ ಒಂದು ಚೆಂದದ ತಿರುವು ಇದೆ. ಸಾಲಿನಲ್ಲಿ ‘ಡಿಸ್ಕನೆಕ್ಟೆಡ್ ಫ್ರಮ್’ ಎಂದು ಬರುವವರೆಗೆ ಇರುವುದನ್ನೆಲ್ಲ ಅಳಿಸು ಎಂದು ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದ ಮಾದರಿ ಹುಡುಕುವ ಸೂತ್ರ) ಬರೆದಿರುತ್ತಾರೆ. ಸರಿಯಾಗಿಯೇ ಕೆಲಸ ಮಾಡುತ್ತದೆ. ಆಮೇಲೆ ಒಂದು ಪ್ರಶ್ನೆ. ಯಾರಾದರೂ ಕಿಲಾಡಿ ತನ್ನ ಯೂಸರ್‌ನೇಮನ್ನೇ ‘ಡಿಸ್ಕನೆಕ್ಟೆಡ್ ಫ್ರಮ್’ ಎಂದು ಕೊಟ್ಟು ಲಾಗಿನ್ ಆಗಲು ನೋಡಿದರೆ? ಆ ಸೂತ್ರದಲ್ಲಿರುವ ಡಾಟ್-ಸ್ಟಾರ್ (‘ಏನು ಬೇಕಾದರೂ, ಎಷ್ಟು ಬೇಕಾದರೂ’ ಎಂಬ ಗುರುತು) ಹೊಟ್ಟೆಬಾಕ. ಸಾಧ್ಯವಾದಷ್ಟು ಜಾಸ್ತಿ ನುಂಗುತ್ತದೆ. ಆ ಪದಗಳು ಎರಡು ಸಲ ಬಂದಾಗ ಎರಡನೆಯದರ ತನಕ ನುಂಗಿ, ಯೂಸರ್‌ನೇಮನ್ನೂ ಸೇರಿಸಿ ತಿಂದುಬಿಡುತ್ತದೆ. ನಿಮ್ಮ ಲೆಕ್ಕ ಸದ್ದಿಲ್ಲದೆ ತಪ್ಪಾಗುತ್ತದೆ. ಎರರ್ ಕೂಡ ಬರುವುದಿಲ್ಲ.

‘ಈಗೆಲ್ಲ ಎಐ ಕೇಳಿದರೆ ಈ ಕಮಾಂಡನ್ನು ಅದೇ ಬರೆದುಕೊಡುತ್ತದೆ, ಇದನ್ನು ಕಲಿಯುವುದು ಯಾಕೆ ಮೇಡಂ’ ಎಂದು ಹೊಸಬರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಾನೂ ಎಐ ಬಳಸುತ್ತೇನೆ, ಸಿಂಟ್ಯಾಕ್ಸ್ ನೆನಪಿಟ್ಟುಕೊಳ್ಳುವ ಕಷ್ಟ ತಪ್ಪಿದೆ. ಆದರೆ ಅದು ಬರೆದುಕೊಟ್ಟ ರೆಗ್ಯುಲರ್ ಎಕ್ಸ್‌ಪ್ರೆಶನ್ ಮೇಲೆ ಹೇಳಿದ ಹಾಗೆ ಹೊಟ್ಟೆಬಾಕವೋ ಅಲ್ಲವೋ ಎಂದು ನೋಡುವವರು ಯಾರು? ಫೈಲ್ ಅಳಿಸುವ ಕಮಾಂಡ್ ಕೊಟ್ಟಾಗ ಎಂಟರ್ ಒತ್ತುವ ಮೊದಲು ಅದನ್ನು ಓದುವವರು ಯಾರು? ಮೊದಲು ಬರೆಯಲು ಬರುವವರು ಬೇಕಿದ್ದರು, ಈಗ ಓದಿ ಅನುಮಾನ ಪಡುವವರು ಬೇಕು. ಕಲಿಯಬೇಕಾದ್ದು ಬದಲಾಗಿಲ್ಲ.

ಗಿಟ್ ಪಾಠದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಹೊಸಬರಿಗೆಲ್ಲ ಗಿಟ್ ‘ಬರುತ್ತದೆ’. ಅಂದರೆ ಆಡ್, ಕಮಿಟ್, ಪುಶ್ ಎಂಬ ಮೂರು ಮಂತ್ರ ಬಾಯಿಪಾಠ ಇರುತ್ತದೆ. ಮಂತ್ರ ಫಲಿಸದಿದ್ದರೆ ಫೋಲ್ಡರನ್ನೇ ಅಳಿಸಿ ಮತ್ತೆ ಕ್ಲೋನ್ ಮಾಡುತ್ತಾರೆ, ಅಂದರೆ ಹೊಸ ನಕಲು ಇಳಿಸಿಕೊಳ್ಳುತ್ತಾರೆ. ಈ ಪಾಠ ಕಮಾಂಡುಗಳಿಂದ ಶುರುವಾಗುವುದೇ ಇಲ್ಲ. ಗಿಟ್ ಒಳಗೆ ಮಾಹಿತಿ ಹೇಗೆ ಕೂತಿದೆ ಎಂಬಲ್ಲಿಂದ ಶುರು. ಫೈಲ್ ಅಂದರೆ ಬ್ಲಾಬ್, ಫೋಲ್ಡರ್ ಅಂದರೆ ಟ್ರೀ, ಕಮಿಟ್ ಅಂದರೆ ಆ ಕ್ಷಣದ ಇಡೀ ಟ್ರೀಯ ಚಿತ್ರ, ಜೊತೆಗೆ ಅದರ ಹಿಂದಿನ ಕಮಿಟ್ ಯಾವುದು ಎಂಬ ಗುರುತು. ಪ್ರತಿಯೊಂದಕ್ಕೂ ಅದರ ಒಳಗಿರುವುದರಿಂದಲೇ ಲೆಕ್ಕ ಹಾಕಿದ 40 ಅಕ್ಷರದ ಹ್ಯಾಶ್ ಹೆಸರು. ಬ್ರ್ಯಾಂಚ್ ಅಂದರೆ ಒಂದು ಕಮಿಟ್ ಕಡೆಗೆ ಬೆರಳು ತೋರಿಸುವ ಚೀಟಿ, ಅಷ್ಟೇ. ಚೀಟಿ ಕಿತ್ತು ಬೇರೆ ಕಡೆ ಅಂಟಿಸಬಹುದು, ಕಮಿಟ್ ಮಾತ್ರ ಬದಲಾಗುವುದಿಲ್ಲ.

ಇದರ ಉಪಯೋಗ ಎಲ್ಲಿ ಗೊತ್ತಾಗುತ್ತದೆ ಅಂದರೆ, ಹೋದ ವರ್ಷ ಸೇರಿದ ಹುಡುಗಿಯೊಬ್ಬಳು ಸಂಜೆ ಹೊತ್ತಿಗೆ ಮುಖ ಬಾಡಿಸಿಕೊಂಡು ಬಂದಳು. ‘ಮೇಡಂ, ಬೆಳಗ್ಗೆಯಿಂದ ಮಾಡಿದ್ದೆಲ್ಲಾ ಹೋಯ್ತು. ಗಿಟ್ ತಿಂದುಬಿಡ್ತು.’

‘ಕಮಿಟ್ ಮಾಡಿದ್ದೆಯಾ?’

‘ಮಾಡಿದ್ದೆ ಮೇಡಂ. ಆಮೇಲೆ ಮೇನ್ ಬ್ರ್ಯಾಂಚಿಗೆ ಹೋದೆ. ಈಗ ಲಾಗ್‌ನಲ್ಲಿ ಕಾಣ್ತಾನೇ ಇಲ್ಲ.’

ಅವಳು ಯಾವುದೋ ಹಳೆಯ ಕಮಿಟ್ ಮೇಲೆ ನಿಂತು ಕೆಲಸ ಮಾಡಿದ್ದಳು, ಬ್ರ್ಯಾಂಚ್ ಮಾಡಿರಲಿಲ್ಲ. ‘ಡಿಟ್ಯಾಚ್ಡ್ ಹೆಡ್’ ಎಂದು ಗಿಟ್ ಎಚ್ಚರಿಕೆ ಕೊಟ್ಟಿತ್ತು. ಹೆದರಿಸುವ ಹಾಗಿರುವ ಆ ಸಂದೇಶವನ್ನು ಯಾರು ಓದುತ್ತಾರೆ? ಎಲ್ಲೆಲ್ಲಿ ನಿಂತಿದ್ದೆವು ಎಂದು ಗಿಟ್ ಬರೆದಿಡುವ ರಿಫ್ಲಾಗ್ ಹಾಕಿಸಿದೆ. ಹ್ಯಾಶ್ ಸಿಕ್ಕಿತು. ಅದರ ಮೇಲೆ ಒಂದು ಬ್ರ್ಯಾಂಚ್ ಹೆಸರು ಅಂಟಿಸಿದಳು. ಎಲ್ಲ ವಾಪಸ್. ಅವಳು ಆ ವಾರವಷ್ಟೇ ಗಿಟ್ ಪಾಠ ನೋಡಿದ್ದಳು. ಹಾಗಾಗಿ ನಾನು ‘ಕಮಿಟ್ ಇದೆ, ಅದಕ್ಕೆ ಹೆಸರಿಲ್ಲ ಅಷ್ಟೇ’ ಎಂದ ಕೂಡಲೇ ತಲೆಬುಡ ಅರ್ಥವಾಯಿತು. ಪಾಠ ನೋಡದವರಿಗೆ ಇದೇ ವಿಷಯ ವಿವರಿಸಲು ಬಿಳಿ ಬೋರ್ಡ್ ಪೂರ್ತಿ ಬೇಕು.

ಡೀಬಗ್ಗಿಂಗ್ ಪಾಠವೂ ಒಳ್ಳೆಯದು. ಪ್ರಿಂಟ್ ಹಾಕುವುದು ಅವಮಾನ ಅಲ್ಲ, ಆದರೆ ಲಾಗಿಂಗ್ ಅದಕ್ಕಿಂತ ಯಾಕೆ ವಾಸಿ ಎಂದು ಹೇಳುತ್ತಾ ಡೀಬಗ್ಗರ್, ಎಸ್‌ಟ್ರೇಸ್, ಪ್ರೊಫೈಲರ್ ತನಕ ಹೋಗುತ್ತದೆ. ಎಸ್‌ಟ್ರೇಸ್ ಒಂದನ್ನೇ ಕಲಿತರೂ ಸಾರ್ಥಕ. ಪ್ರೋಗ್ರಾಂ ‘ಫೈಲ್ ಸಿಗಲಿಲ್ಲ’ ಎನ್ನುತ್ತದೆ, ಯಾವ ಫೈಲ್ ಎಂದು ಬಾಯಿ ಬಿಡುವುದಿಲ್ಲ. ಎಸ್‌ಟ್ರೇಸ್ ಕೆಳಗೆ ಓಡಿಸಿದರೆ ಅದು ಆಪರೇಟಿಂಗ್ ಸಿಸ್ಟಂ ಹತ್ತಿರ ಯಾವ ಯಾವ ಫೈಲ್ ಕೇಳಿತು ಎಂದು ಒಂದೊಂದಾಗಿ ಕಾಣುತ್ತದೆ.

ವಿಮ್ ಪಾಠವನ್ನು ಬೇಕಾದರೆ ಬಿಡಿ. ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ ಎಂದು ಗೊತ್ತು. ಸರ್ವರ್ ಮೇಲೆ ಒಂದು ಸಾಲು ತಿದ್ದಿ, ಉಳಿಸಿ, ಹೊರಗೆ ಬರಲು ಬಂದರೆ ಸದ್ಯಕ್ಕೆ ಸಾಕು. ಭದ್ರತೆಯ ಪಾಠ ಚೆನ್ನಾಗಿದೆ, ಆದರೆ ಅದರಲ್ಲಿ ಹ್ಯಾಶ್ ಮತ್ತು ಕೀ ಜೋಡಿಯ ಭಾಗ ನೋಡಿದರೆ ಎಸ್‌ಎಸ್‌ಎಚ್ (ದೂರದ ಮಷಿನ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಅರ್ಥವಾಗುತ್ತದೆ, ಉಳಿದದ್ದನ್ನು ನಿಧಾನಕ್ಕೆ ನೋಡಬಹುದು.

ಇನ್ನು ಕೊರತೆಗಳು. ನನಗೆ ಎಲ್ಲಕ್ಕಿಂತ ಸೊರಗಿದ ಪಾಠ ಅನ್ನಿಸಿದ್ದು ‘ಮೆಟಾಪ್ರೋಗ್ರಾಮಿಂಗ್’ ಎಂಬುದು, ಮೇಲಿನ ಪಟ್ಟಿಯ ಬಿಲ್ಡ್ ಮತ್ತು ಡಿಪೆಂಡೆನ್ಸಿ ಪಾಠ. ಮೇಕ್, ಡಿಪೆಂಡೆನ್ಸಿ, ಆವೃತ್ತಿ ಸಂಖ್ಯೆಗಳ ಲೆಕ್ಕ, ಕಂಟಿನ್ಯುವಸ್ ಇಂಟಿಗ್ರೇಶನ್ (ಕೋಡ್ ಬದಲಾದಾಗಲೆಲ್ಲ ಬಿಲ್ಡ್, ಟೆಸ್ಟ್ ತಾನಾಗಿ ನಡೆಯುವುದು), ಟೆಸ್ಟಿಂಗ್ ಎಲ್ಲವನ್ನೂ ಒಂದೇ ಗಂಟೆಗೆ ತುರುಕಿದ್ದಾರೆ. ಟೆಸ್ಟಿಂಗ್‌ಗೆ ಸಿಕ್ಕಿರುವುದು ಯೂನಿಟ್ ಟೆಸ್ಟ್ ಅಂದರೆ ಇದು, ರಿಗ್ರೆಶನ್ ಟೆಸ್ಟ್ ಅಂದರೆ ಇದು ಎಂಬ ಒಂದೊಂದು ಸಾಲಿನ ಪರಿಚಯ. ನಮ್ಮಲ್ಲಿ ಟೆಸ್ಟ್ ಇಲ್ಲದ ಕೋಡ್ ಒಳಗೆ ಹೋಗುವುದೇ ಇಲ್ಲ. ಹೊಸಬರು ಮೊದಲ ತಿಂಗಳು ಒದ್ದಾಡುವುದೂ ಅಲ್ಲೇ. ತನ್ನ ಕೋಡ್ ತಪ್ಪು ಎಂದು ತಾನೇ ಸಾಬೀತು ಮಾಡಲು ಕೂರುವ ಮನಸ್ಥಿತಿ ಒಂದು ಸಾಲಿನ ಪರಿಚಯದಿಂದ ಬರುವುದಿಲ್ಲ. ಇದಕ್ಕೆ ಎರಡು ಪಾಠ ಕೊಟ್ಟು ವಿಮ್ ಪಾಠವನ್ನು ಅರ್ಧ ಮಾಡಿದ್ದರೆ ನಾನು ಖುಷಿ ಪಡುತ್ತಿದ್ದೆ.

ಬೇರೆಯವರ ಕೋಡ್ ಓದುವುದು ಈ 11 ಪಾಠಗಳ ವಿಷಯವೇ ಅಲ್ಲ. ಕಾಲೇಜಿನಲ್ಲಿ ಪ್ರತಿ ಪ್ರೋಗ್ರಾಮೂ ಖಾಲಿ ಫೈಲಿನಿಂದ ಶುರುವಾಗುತ್ತದೆ. ಕಂಪನಿಯಲ್ಲಿ ಖಾಲಿ ಫೈಲ್ ಸಿಗುವುದು ಅಪರೂಪ. ಯಾರೋ ಬರೆದು ಬಿಟ್ಟುಹೋದ ಸಾವಿರಾರು ಸಾಲಿನಲ್ಲಿ ನಾಲ್ಕು ಸಾಲು ತಿದ್ದುವುದೇ ದಿನದ ಕೆಲಸ. ಹಾಗೆಯೇ ಬರೆಯುವುದು, ಕೇಳುವುದು. ‘ಕೆಲಸ ಮಾಡ್ತಿಲ್ಲ’ ಎಂದು ಎರಡು ಪದದ ಸಂದೇಶ ಕಳಿಸಿ ಉತ್ತರಕ್ಕೆ ಕಾಯುವವರು ಎಷ್ಟೋ ಜನ. ಏನು ಮಾಡಿದೆ, ಏನಾಗಬೇಕಿತ್ತು, ಏನಾಯ್ತು ಎಂದು ಮೂರು ಸಾಲು ಬರೆದರೆ ಅರ್ಧ ಸಮಸ್ಯೆ ಅಲ್ಲೇ ಕರಗುತ್ತದೆ. ಎಂಜಿನಿಯರಿಂಗ್ ಪದವಿಗಳಿಗೆ ದೇಶದೇಶಗಳ ನಡುವೆ ಮಾನ್ಯತೆ ಕೊಡುವ ವಾಷಿಂಗ್ಟನ್ ಒಪ್ಪಂದ ಎಂದೊಂದಿದೆ, 1989ರದ್ದು. ಪದವೀಧರನಿಗೆ ಇರಬೇಕಾದ ಗುಣಗಳ ಅದರ ಪಟ್ಟಿಯಲ್ಲಿ ಸಾಧನಗಳ ಬಳಕೆ, ತಂಡದ ಕೆಲಸ, ಸಂವಹನ ಎಲ್ಲವೂ ಇವೆ. ಕಾಗದದ ಮೇಲೆ ಎಲ್ಲರೂ ಒಪ್ಪಿದ್ದಾರೆ. ಈ ಕೋರ್ಸ್ ಅದರಲ್ಲಿ ಮೊದಲನೆಯದನ್ನು ಚೆನ್ನಾಗಿ ಹಿಡಿದಿದೆ, ಉಳಿದೆರಡನ್ನು ಮುಟ್ಟಿಲ್ಲ.

ಮುಟ್ಟಲು ಆಗುವುದೂ ಕಷ್ಟ ಬಿಡಿ. ಅದು ವಿಡಿಯೋ ನೋಡಿ ಬರುವಂಥದ್ದಲ್ಲ. ಅದಕ್ಕೆ ನಿಜವಾದ ಉಪಾಯ ಹಳೆಯದೇ. ಹರ್ಮನ್ ಶ್ನೈಡರ್ ಎಂಬ ಎಂಜಿನಿಯರಿಂಗ್ ಪ್ರಾಧ್ಯಾಪಕರು 1906ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಒಂದು ಪದ್ಧತಿ ಶುರು ಮಾಡಿದರು. ವಿದ್ಯಾರ್ಥಿ ಸ್ವಲ್ಪ ಕಾಲ ಕ್ಲಾಸಿನಲ್ಲಿ, ಸ್ವಲ್ಪ ಕಾಲ ಸಂಬಳದ ಕೆಲಸದಲ್ಲಿ, ಮತ್ತೆ ಕ್ಲಾಸಿಗೆ. ಕೋ-ಆಪ್ ಎನ್ನುತ್ತಾರೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಹುಟ್ಟಿದ್ದೇ ಈ ಪದ್ಧತಿಯ ಮೇಲೆ. ಕೆಲಸದ ಜಾಗದಲ್ಲಿ ಎಡವಿ ಬಂದವನು ಮುಂದಿನ ಸೆಮಿಸ್ಟರಿನಲ್ಲಿ ಕೇಳುವ ಪ್ರಶ್ನೆಯೇ ಬೇರೆ. ಕೊನೆಯ ವರ್ಷದಲ್ಲಿ ಕಾಟಾಚಾರಕ್ಕೆ ಮಾಡುವ ಇಂಟರ್ನ್‌ಶಿಪ್‌ಗೂ ಇದಕ್ಕೂ ಹೋಲಿಕೆ ಇಲ್ಲ. ಕೋ-ಆಪ್ ಸಿಗುವವರು ಅದನ್ನೇ ಹಿಡಿಯಲಿ, ಈ ಕೋರ್ಸ್ ಎರಡನೆಯದು. ಸಿಗದವರಿಗೆ ಇದಕ್ಕಿಂತ ಒಳ್ಳೆಯದು ನನ್ನ ಕಣ್ಣಿಗೆ ಬಿದ್ದಿಲ್ಲ.

ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಿಕಲ್‌ನವರಿಗೆ? ಪ್ರೋಗ್ರಾಂ ಬರೆಯುವವರಾದರೆ ಶೆಲ್, ಗಿಟ್, ಡೇಟಾ ಪಾಠಗಳು ಖಂಡಿತ ಉಪಯೋಗ. ಸೆನ್ಸರ್ ಡೇಟಾ ರಾಶಿ ಬಿದ್ದಾಗ ಆಕ್ ನೆನಪಾಗುತ್ತದೆ. ಆದರೆ ಅವರ ಸಿಲಬಸ್‌ನಲ್ಲಿ ಬಿಟ್ಟುಹೋಗಿರುವುದು ಬೇರೆ. ಡ್ರಾಯಿಂಗ್‌ನಲ್ಲಿ ಟಾಲರೆನ್ಸ್ (ಅಳತೆ ಎಷ್ಟು ಆಚೀಚೆ ಆಗಬಹುದು ಎಂಬ ಮಿತಿ) ಓದುವುದು, ಡೇಟಾಶೀಟ್‌ನಲ್ಲಿ ಮುಖ್ಯವಾದ ಸಾಲು ಯಾವುದೆಂದು ಗುರುತಿಸುವುದು. ಅದಕ್ಕೆ ಇಂಥದ್ದೊಂದು ಕೋರ್ಸನ್ನು ಯಾರಾದರೂ ಮಾಡಲಿ ಎಂದು ನನ್ನ ಮೆಕ್ಯಾನಿಕಲ್ ಗೆಳೆಯರು ಗೊಣಗುತ್ತಲೇ ಇರುತ್ತಾರೆ.

ನೋಡುವುದಾದರೆ ಹೇಗೆ ನೋಡಬೇಕು ಎಂದು ಎರಡು ಮಾತು. ಒಂದೇ ವಾರಾಂತ್ಯದಲ್ಲಿ ಎಲ್ಲವನ್ನೂ ನೋಡಿ ಮುಗಿಸಿದವರಿಗೆ ಏನೂ ಬಂದಿಲ್ಲ. ಟೈಪ್ ಮಾಡುವ ವೇಗ ನೋಡಿ ಬೆರಗಾಗಿ ಎದ್ದು ಹೋಗುತ್ತಾರೆ. ವಾರಕ್ಕೊಂದು ಪಾಠ ಸಾಕು. ಅವರ ಇಂಗ್ಲಿಷ್ ವೇಗ ಕಷ್ಟವಾದರೆ ಮೊದಲು ನೋಟ್ಸ್ ಓದಿ, ಆಮೇಲೆ ವಿಡಿಯೋ ಹಾಕಿ. ನೋಟ್ಸ್ ಸರಳ ಇಂಗ್ಲಿಷಿನಲ್ಲಿದೆ, ಕೆಲವು ಕಡೆ ವಿಡಿಯೋಗಿಂತ ಚೊಕ್ಕವಾಗಿದೆ. ಅಭ್ಯಾಸಗಳನ್ನು ಮಾಡದಿದ್ದರೆ ಕೋರ್ಸ್ ನೋಡಿದ್ದು ದಂಡ. ನಾನು ಕೊಡುವ ಕ್ರಮ: ಮೊದಲು ಶೆಲ್ ಪಾಠಗಳೆರಡು, ಆಮೇಲೆ ಗಿಟ್, ಆಮೇಲೆ ಡೇಟಾ, ಆಮೇಲೆ ಡೀಬಗ್ಗಿಂಗ್. ಉಳಿದದ್ದು ಬೇಕೆನಿಸಿದಾಗ. ಜೊತೆಗೆ ತನ್ನದೇ ಒಂದು ಹಳೆಯ ಕಾಲೇಜು ಪ್ರಾಜೆಕ್ಟ್ ಇಟ್ಟುಕೊಂಡು, ಕಲಿತದ್ದನ್ನು ಅದರ ಮೇಲೆ ಪ್ರಯೋಗಿಸಿದರೆ ಕೈ ಬೇಗ ಪಳಗುತ್ತದೆ.

ವಿಂಡೋಸ್ ಇರುವವರು ಶುರುವಿಗೇ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ) ಹಾಕಿಕೊಳ್ಳಿ, ಇಲ್ಲವೇ ವರ್ಚುಅಲ್ ಮಷಿನ್‌ನಲ್ಲಿ ಲಿನಕ್ಸ್ ಹಾಕಿಕೊಳ್ಳಿ. ಅದನ್ನು ಹಾಕುವಾಗ ಒಂದಲ್ಲ ಒಂದು ಎರರ್ ಬಂದೇ ಬರುತ್ತದೆ. ಬಂದಾಗ ಪೂರ್ತಿ ಓದಿ.